ಗಂಡ "ನನ್ನ ಹೆಸರಲ್ಲಿ ಏನೂ ಇಲ್ಲ" ಅಂದರೆ ಜೀವನಾಂಶದ ಗತಿ ಏನು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಚನ್ನಗಿರಿ ಕಡೆ. ಡೈವೋರ್ಸ್ ಕೇಸ್ ಇನ್ನೂ ವಿಚಾರಣೆಗೆ ಬಂದಿಲ್ಲ. ಕೇಸ್ ಮುಗಿಯುವವರೆಗಿನ ಖರ್ಚಿಗೆ, ಅಂದರೆ ಮಧ್ಯಂತರ ಜೀವನಾಂಶಕ್ಕೆ ಅರ್ಜಿ ಹಾಕಿದ್ದೇನೆ. ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು ಅಂತ ಕೋರ್ಟ್ ಹೇಳಿದೆ. ನಮ್ಮ ಯಜಮಾನರು "ತೋಟ ಅಪ್ಪನ ಹೆಸರಲ್ಲಿದೆ, ನನಗೇನೂ ಇಲ್ಲ" ಅನ್ನುತ್ತಾರೆ. ಆದರೆ ಪ್ರತಿ ವರ್ಷ ಅಡಿಕೆ ಖೇಣಿ (ಮರದ ಮೇಲಿನ ಫಸಲನ್ನೇ ವ್ಯಾಪಾರಿಗೆ ಕೊಡುವುದು) ಮಾತಾಡಿ ದುಡ್ಡು ಇಸ್ಕೊಳ್ಳುವವರು ಅವರೇ. ಹೋದ ವರ್ಷ ಒಂದು ಸೈಟನ್ನು ತಮ್ಮನ ಹೆಸರಿಗೆ ಮಾಡಿದ್ದಾರೆ. ಜೀವನಾಂಶ ಕೇಳಿದವಳು ನಾನು, ನಾನ್ಯಾಕೆ ಅಫಿಡವಿಟ್ ಕೊಡಬೇಕು? ತವರಿನವರು ಹಾಕಿದ ಒಡವೆ ಬರೆಯದಿದ್ದರೆ ನಡೆಯುತ್ತಾ?

ಉತ್ತರ: ಒಡವೆ ಖಂಡಿತ ಬರೆಯಿರಿ ಅಮ್ಮ. ಮದುವೆಯಲ್ಲಿ ಬಂದದ್ದು, ಆಮೇಲಿನದು ಎರಡನ್ನೂ ಅಫಿಡವಿಟ್ ನಮೂನೆಯಲ್ಲೇ ಕೇಳಿದ್ದಾರೆ. ನೀವು ಮುಚ್ಚಿಟ್ಟದ್ದು ಗೊತ್ತಾದರೆ ಅವರ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಆಮೇಲೆ ತೋಟದ ಬಗ್ಗೆ ನೀವು ಹೇಳುವ ನಿಜವನ್ನೂ ಜಡ್ಜ್ ಅನುಮಾನದಿಂದ ನೋಡುತ್ತಾರೆ.

ಇಬ್ಬರೂ ಅಫಿಡವಿಟ್ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿತು. ನಮೂನೆಯನ್ನೂ ತೀರ್ಪಿನ ಜೊತೆಗೇ ಕೊಟ್ಟಿತು. ಉತ್ತರ ಕೊಡಲು ಯಜಮಾನರಿಗೆ ಹೆಚ್ಚೆಂದರೆ 4 ವಾರ. ಎರಡಕ್ಕಿಂತ ಜಾಸ್ತಿ ಸಲ ವಾಯಿದೆ ಕೇಳಿದರೆ, ಬೇಕಂತಲೇ ಎಳೆಯುತ್ತಿದ್ದಾರೆ ಅನ್ನಿಸಿದರೆ, ಅವರ ಪ್ರತಿವಾದವನ್ನೇ ಕೋರ್ಟ್ ತೆಗೆದುಹಾಕಬಹುದು.

ಈಗ ತೋಟ. ಕೃಷಿಕರಿಗೆ ಬೇರೆ ನಮೂನೆಯೇ ಇದೆ. ಎಷ್ಟು ಜಮೀನು, ಅದರಲ್ಲಿ ಪಾಲೆಷ್ಟು, ಯಾವ ಬೆಳೆ, ಹಿಂದಿನ 3 ವರ್ಷ ಎಷ್ಟು ಆದಾಯ ಬಂತು, ಎಲ್ಲ ಬರೆಯಬೇಕು. ಹಾಗಾಗಿ ಪಹಣಿಯಲ್ಲಿ ಮಾವನ ಹೆಸರಿದೆ ಅಂದಷ್ಟಕ್ಕೆ ಮಾತು ಮುಗಿಯಲ್ಲ. ಪಿತ್ರಾರ್ಜಿತವಾದರೆ ನಿಮ್ಮ ಯಜಮಾನರಿಗೆ ಪಾಲಿದೆ. ಮಾವನ ಸ್ವಯಾರ್ಜಿತವೇ ಆಗಿದ್ದರೂ, ಖೇಣಿ ದುಡ್ಡು ಇವರ ಕೈಗೆ ಬರುತ್ತಿದ್ದರೆ ಅದು ಆದಾಯವೇ ಅಲ್ವಾ? ಸೈಟಿನ ವಿಷಯವೂ ಅಷ್ಟೇ. ಮದುವೆಯಾದ ಮೇಲೆ ಯಾವ ಆಸ್ತಿಯನ್ನು ಯಾರಿಗೆ, ಯಾಕೆ ವರ್ಗಾಯಿಸಿದಿರಿ ಅಂತ ನಮೂನೆ ನೇರವಾಗಿ ಕೇಳುತ್ತದೆ.

ಎಷ್ಟೋ ಜನ ಖಾಲಿ ಬಿಡುವ ಒಂದು ಭಾಗ ಇದೆ, ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಸಂಗಾತಿಯ ಆಸ್ತಿ, ಆದಾಯದ ಬಗ್ಗೆ ನಿಮಗೆ ಗೊತ್ತಿದ್ದದ್ದನ್ನು ಬರೆಯುವ ಜಾಗ ಅದು. ಖೇಣಿ, ಸೊಸೈಟಿ ಲೆಕ್ಕ, ಸೈಟು, ಗಾಡಿ, ಎಲ್ಲ ಅಲ್ಲಿ ಬರಬೇಕು. ಗೊತ್ತಿಲ್ಲದ್ದನ್ನು ಸುಮ್ನೆ ಅಂದಾಜಿನಲ್ಲಿ ಬರೆಯಬೇಡಿ.

ಪ್ರಶ್ನೆ: ಅವರು ಸುಳ್ಳೇ ಬರೆದರೆ ಮೇಡಂ?

ಉತ್ತರ: ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 11ರಲ್ಲಿ ನಿಮ್ಮ ವಕೀಲರು ಕೋರ್ಟಿನ ಅನುಮತಿ ಕೇಳಬಹುದು. ಅನುಮತಿ ಸಿಕ್ಕರೆ ಅವರಿಗೆ ಲಿಖಿತ ಪ್ರಶ್ನೆ ಕಳಿಸಬಹುದು, ಬ್ಯಾಂಕ್ ಪಾಸ್‌ಬುಕ್, ಸೊಸೈಟಿ ಲೆಕ್ಕ ಹಾಜರುಪಡಿಸಿ ಅನ್ನಬಹುದು. ಬೇಕಂತಲೇ ಸುಳ್ಳು ಹೇಳಿದ್ದು ಸಾಬೀತಾದರೆ ಸುಳ್ಳು ಪ್ರಮಾಣದ ಕ್ರಮಕ್ಕೂ ದಾರಿ ಇದೆ. ಅದು ನಿಧಾನ. ಅದನ್ನೇ ನಂಬಿ ಕೂರಬೇಡಿ.

ಪ್ರಶ್ನೆ (ಇನ್ನೊಬ್ಬರು): ಒಡವೆ ತೋರಿಸಿದರೆ ಜೀವನಾಂಶ ಕಡಿಮೆ ಆಗಲ್ವಾ?

ಉತ್ತರ: ಒಡವೆ ಇದೆ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗಲ್ಲ. ಒಡವೆ ಮಾರಿ ತಿಂಗಳ ಖರ್ಚು ನೋಡಿಕೊಳ್ಳಿ ಅನ್ನುವುದು ನ್ಯಾಯವಲ್ಲ. ಇಬ್ಬರ ಆದಾಯ, ಬದುಕಿದ್ದ ರೀತಿ, ಮಕ್ಕಳ ಖರ್ಚು ಎಲ್ಲ ನೋಡುತ್ತಾರೆ. ಆದೇಶ ತಡವಾದರೂ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.

ಚನ್ನಗಿರಿಯ ತಂಗಿ, ಭೂಮಿ ವೆಬ್‌ಸೈಟಿನಲ್ಲಿ ತೋಟದ ಪಹಣಿ ನೋಡಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆ ಸೈಟಿನ ಇಸಿ (ಋಣಭಾರ ಪತ್ರ) ತೆಗೆಸಿ. ಎರಡನ್ನೂ ಇಟ್ಟುಕೊಂಡೇ ವಕೀಲರ ಹತ್ತಿರ ಹೋಗಿ.