ಸೂಪರ್ ಕಬ್ ಬಾಲದ ಚಕ್ರ ಗಡಗಡ ಬಡಿಯುತ್ತೆ, ಕಮಾನು ಬಗ್ಗಿಸಬಹುದಾ?

ತಳಿ ಹುಡುಗ:
ಎಲ್ಲರಿಗೂ ನಮಸ್ಕಾರ. ಹೊಸೂರು ಕಡೆ ಒಬ್ಬರ ಹಳೇ ಪೈಪರ್ ಸೂಪರ್ ಕಬ್ ವಿಮಾನಕ್ಕೆ ನಾನು ಹೆಲ್ಪರ್. ಲೈಸೆನ್ಸ್ ಇರುವ ಎಂಜಿನಿಯರ್ ಬೆಂಗಳೂರಿನಿಂದ ಬರುವುದು ಮುಂದಿನ ವಾರ. ಇಳಿದ ಮೇಲೆ ಓಟ ನಿಧಾನವಾಗುವಾಗ ಬಾಲದ ಚಕ್ರ ಎಡಕ್ಕೂ ಬಲಕ್ಕೂ ಬಡಿಯುತ್ತೆ, ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್‌ವರೆಗೂ ನಡುಕ ಬರುತ್ತೆ. ಸ್ಕಾಟ್ ಕಂಪನಿಯ 3200 ಮಾಡೆಲ್ ಚಕ್ರ. ಗಾಳಿ ಸರಿ ಇದೆ, ಗ್ರೀಸ್ ಹೊಡೆದಿದ್ದೇನೆ. ಚಕ್ರ ಹೊತ್ತಿರುವ ಉಕ್ಕಿನ ಪಟ್ಟಿಗಳ ಕಮಾನು ಸ್ವಲ್ಪ ಚಪ್ಪಟೆಯಾದ ಹಾಗಿದೆ. ಲಾರಿ ಕಮಾನು ಕೆಲಸದವರ ಹತ್ತಿರ ಬಗ್ಗಿಸಿಕೊಂಡು ಬರಲಾ?

ಬಾಗಲೂರು:
ನಮ್ಮದು ಅದೇ ಕೆಲಸ. ಕಾಯಿಸಿ ಬಡಿದರೆ ಬಾಗು ಬರುತ್ತೆ, ಉಕ್ಕಿನ ಮೊದಲಿನ ಹದ ಬರುತ್ತೆ ಅಂತ ಹೇಳೋಕಾಗಲ್ಲ. ವಿಮಾನದ್ದು ತಂದರೆ ನಾನು ಮುಟ್ಟಲ್ಲ.

ಹಳೇ ಹ್ಯಾಂಗರ್:
ಬೇಡ ತಮ್ಮಾ, ದಯವಿಟ್ಟು ಬೇಡ. ನಾನು ಪುಷ್ಪಕ್ ವಿಮಾನಗಳ ಮೇಲೆ ಕೆಲಸ ಕಲಿತವನು. 1958ರಲ್ಲಿ ಮೊದಲು ಹಾರಿದ ಎಚ್‌ಎಎಲ್ ವಿಮಾನ, ಅದಕ್ಕೂ ಬಾಲದಲ್ಲೇ ಚಕ್ರ. ಒಂದು ಸಲ ನಾವೂ ಹೀಗೇ ನಡುಕ ಬಂದಾಗ ಟೈರ್ ಬದಲಾಯಿಸಿ ಸುಮ್ನಾದೆವು. ಮೂರನೇ ದಿನ ಕಮಾನಿನ ಪಟ್ಟಿ ಬೋಲ್ಟ್ ತೂತಿನ ಹತ್ತಿರವೇ ಮುರಿಯಿತು. ರಡ್ಡರ್ ತಳ ನೆಲಕ್ಕೆ ಉಜ್ಜಿದ ಸದ್ದು ಇನ್ನೂ ಕಿವಿಯಲ್ಲಿದೆ.

ಮೊದಲು ಇದನ್ನು ನೋಡು. ವಿಮಾನ ಎಂದಿನ ಭಾರದಲ್ಲಿ ಸಮನೆಲದ ಮೇಲೆ ನಿಂತಿರಲಿ. ಗಾರೆಯವರ ತೂಕದ ಗುಂಡು ಇಳಿಬಿಟ್ಟು ಪಕ್ಕದಿಂದ ನೋಡು. ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಪಿವಟ್ (ನಿಂತ ಗೂಟ) ನೆಟ್ಟಗಿರಬೇಕು, ಇಲ್ಲವೇ ತಲೆ ಒಂಚೂರು ಹಿಂದಕ್ಕೆ ವಾಲಿರಬೇಕು. ಮುಂದಕ್ಕೆ ವಾಲಿದ್ದರೆ ಕಮಾನು ಸೋತಿದೆ ಅಂತಲೇ ಅರ್ಥ. ಪಿವಟ್‌ನ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಟೈರ್ ಹಿಂದೆ ಇರುತ್ತಲ್ವಾ, ಆ ಅಂತರವೇ ಚಕ್ರವನ್ನು ನೇರ ಎಳೆಯುವುದು. ಕಮಾನು ಚಪ್ಪಟೆಯಾದಷ್ಟೂ ಅಂತರ ಕಮ್ಮಿ, ಬಡಿತ ಜಾಸ್ತಿ.

ಎಂಜಿನಿಯರ್ ಬಂದಾಗ ಪಟ್ಟಿಗಳನ್ನು ಬಿಚ್ಚಿಸಿ, ತೂತು ಮತ್ತು ಕ್ಲ್ಯಾಂಪ್ ಕಚ್ಚುವ ಜಾಗದಲ್ಲಿ ಬಿರುಕು ಇದೆಯಾ ಅಂತ ಮ್ಯಾಗ್ನೆಟಿಕ್ ಪರೀಕ್ಷೆ ಮಾಡಿಸಿ. ಸೋತಿದ್ದರೆ ಹೊಸದೇ ಹಾಕಬೇಕು. ರಡ್ಡರನ್ನು ಬಾಲದ ಚಕ್ರಕ್ಕೆ ಜೋಡಿಸುವ ಸ್ಟೀರಿಂಗ್ ಸ್ಪ್ರಿಂಗ್, ಸರಪಳಿ ಸಡಿಲವಾಗಿದ್ದರೂ ಬಡಿತ ಬರುತ್ತೆ, ಅದನ್ನೂ ತೋರಿಸು.

ಮುಂದಿನ ಚಕ್ರಗಳ ಗೇರ್‌ನಲ್ಲಿ ಇಳಿಯುವಾಗಿನ ಹೊಡೆತ ತಾಳುವ ರಬ್ಬರಿನ ಬಂಜಿ ಹಗ್ಗವನ್ನೂ ಮರೆಯಬೇಡ. ಕವರ್ ತೆಗೆದು, ಮೇಲಿನ ಬಟ್ಟೆ ಹರಿದಿದೆಯಾ, ಎಣ್ಣೆ ತಾಗಿದೆಯಾ ನೋಡು. ಹೆಣಿಗೆಯಲ್ಲಿರುವ ಬಣ್ಣದ ನೂಲು ತಯಾರಾದ ವರ್ಷ ಹೇಳುತ್ತೆ. ಹಾರಿಸದೆ ನಿಲ್ಲಿಸಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತೆ.

ತಳಿ ಹುಡುಗ:
ಗುಂಡು ಬಿಟ್ಟು ನೋಡಿದೆ ಅಣ್ಣ. ಪಿವಟ್ ತಲೆ ಮುಂದಕ್ಕೇ ವಾಲಿದೆ, ಬರಿಗಣ್ಣಿಗೇ ಕಾಣುತ್ತೆ. ಎಂಜಿನಿಯರ್ ಬರುವವರೆಗೆ ವಿಮಾನ ಹೊರಗೆ ತೆಗೆಯುವುದು ಬೇಡ ಅಂತ ಯಜಮಾನರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ಬಂಜಿ ನೂಲಿನ ಬಣ್ಣ ಸಾಯಂಕಾಲ ನೋಡಿ ಬರೆಯುತ್ತೇನೆ.