3 ವರ್ಷದಲ್ಲಿ ಒಂದೂ ಫೇಲ್ ಇಲ್ಲ, ಆದರೂ ವರದಿ ವಾಪಸ್ ಬರುತ್ತಿದೆ

ಲ್ಯಾಬ್_ಕಾವಲು:
ತಲೆ ಕೆಟ್ಟು ಹೋಗಿದೆ. ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಲಿಕ್ವಿಡ್ ನೈಟ್ರೋಜನ್ ಕೋಣೆ ನೋಡಿಕೊಳ್ಳುತ್ತೇನೆ. ನೈಟ್ರೋಜನ್ ಸೋರಿ ಗಾಳಿಯಲ್ಲಿ ಆಮ್ಲಜನಕ ಇಳಿದರೆ ಅಲಾರಂ ಹೊಡೆಯಲು 6 ಆಕ್ಸಿಜನ್ ಸೆನ್ಸರ್ ಇವೆ. 3 ವರ್ಷ, ಫೇಲ್ಯೂರ್ ಸೊನ್ನೆ. ಹಾಗಾದರೆ ಫೇಲ್ಯೂರ್ ರೇಟ್ ಸೊನ್ನೆ ತಾನೇ? ಸೇಫ್ಟಿ ಕಮಿಟಿ ಎರಡು ಸಲ ವಾಪಸ್ ಕಳಿಸಿದೆ. ನಮಗೆ ಸಿಲ್-2 ಬೇಕು (ಸಿಲ್ ಅಂದರೆ ಸುರಕ್ಷತಾ ವ್ಯವಸ್ಥೆಯನ್ನು ಎಷ್ಟು ನಂಬಬಹುದು ಅನ್ನುವ ದರ್ಜೆ). ಎಲ್ಲಿ ತಪ್ಪಿದೆ?

ವೈಬುಲ್_ಪ್ರೇಮಿ:
ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಅಲ್ವಾ? ಅದು ಸವೆಯುವ ವಸ್ತು. ರೇಟ್ ಒಂದೇ ಸಮ ಇರುವುದಿಲ್ಲ. ವೈಬುಲ್ ಹಾಕಿ, ವಯಸ್ಸಾದಂತೆ ಕೆಡುವ ರೇಟ್ ಬದಲಾಗುವುದನ್ನು ಹಿಡಿಯುವ ಲೆಕ್ಕ ಅದು.

ಜಯನಗರ_4ನೇ_ಬ್ಲಾಕ್:
ಸೊನ್ನೆ ಫೇಲ್ಯೂರ್ ಇಟ್ಟುಕೊಂಡು ವೈಬುಲ್ ಹೇಗೆ ಕೂರಿಸುತ್ತೀರಿ ಸಾರ್? ಮೊದಲು ಮೇಲಿನ ಮಿತಿ ನೋಡಿ, ಅಂದರೆ ನಿಜವಾದ ರೇಟ್ ಹೆಚ್ಚೆಂದರೆ ಎಷ್ಟಿರಬಹುದು ಅಂತ. ಒಟ್ಟು 1,57,680 ಗಂಟೆ. ಫೇಲ್ ಸೊನ್ನೆ ಇದ್ದಾಗ 95% ಕಾನ್ಫಿಡೆನ್ಸ್‌ಗೆ 3ನ್ನು ಗಂಟೆಗಳಿಂದ ಭಾಗಿಸಬೇಕು. ಗಂಟೆಗೆ 0.000019 ಬರುತ್ತದೆ. ಗ್ಯಾಸ್ ಬಿಟ್ಟು ಸೆನ್ಸರ್ ಟೆಸ್ಟ್ ಮಾಡುವುದು ಎಷ್ಟು ದಿನಕ್ಕೊಮ್ಮೆ? ಅದನ್ನೇ ಬರೆದಿಲ್ಲವಲ್ಲ.

ಲ್ಯಾಬ್_ಕಾವಲು:
ವರ್ಷಕ್ಕೊಮ್ಮೆ. ಎಲ್ಲರೂ ಹಾಗೇ ಅಲ್ವಾ?

ಜಯನಗರ_4ನೇ_ಬ್ಲಾಕ್:
ಸಿಕ್ಕಿತು. ಆ ರೇಟನ್ನು 8,760ರಿಂದ ಗುಣಿಸಿ ಅರ್ಧ ಮಾಡಿ. 0.083. ಬೇಕಾದ ಹೊತ್ತಿಗೆ ಸೆನ್ಸರ್ ಕೆಟ್ಟಿರುವ ಸಂಭವ ಇದು. ಸಿಲ್-2ಕ್ಕೆ 0.01ಕ್ಕಿಂತ ಕಡಿಮೆ ಬೇಕು. ತಿಂಗಳಿಗೊಮ್ಮೆ ಟೆಸ್ಟ್ ಇದ್ದರೆ 0.007. ಅರ್ಧ ಯಾಕೆ ಅಂದರೆ, ಕೆಟ್ಟಿದ್ದು ಗೊತ್ತಾಗುವುದು ಟೆಸ್ಟ್ ದಿನ ಮಾತ್ರ. ಸರಾಸರಿ ಅರ್ಧ ಅವಧಿ ಅದು ಸತ್ತು, ಸುಮ್ನೆ ಗೋಡೆ ಮೇಲೆ ಕೂತಿರುತ್ತದೆ.

ಪೀಣ್ಯ_ಪ್ಯಾನೆಲ್:
ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಮರೀಬೇಡಿ. ಪಾರ್ಷಿಯಲ್ ಪ್ರೆಶರ್ ಸೆನ್ಸರ್ (ಆಮ್ಲಜನಕದ ಒತ್ತಡ ಅಳೆಯುವುದು) ಆಗಿದ್ದು, ಸಮುದ್ರಮಟ್ಟದಲ್ಲಿ ಕ್ಯಾಲಿಬ್ರೇಟ್ ಆಗಿದ್ದರೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಮಾಮೂಲಿ 20.9% ಬದಲು ಸುಮಾರು 19% ತೋರಿಸುತ್ತದೆ. 19.5%ಕ್ಕಿಂತ ಇಳಿದರೆ ಹೊಡೆಯುವ ಅಲಾರಂ ಹೊಡೆದುಕೊಳ್ಳುತ್ತಲೇ ಇರುತ್ತದೆ.

ವೈಬುಲ್_ಪ್ರೇಮಿ:
ಅದು ಸುಳ್ಳು ಅಲಾರಂ. ಇಲ್ಲಿ ಕೇಳಿದ್ದು ಹೊಡೆಯದ ಅಲಾರಂ ಬಗ್ಗೆ.

ಪೀಣ್ಯ_ಪ್ಯಾನೆಲ್:
ಸುಳ್ಳು ಅಲಾರಂ ಜಾಸ್ತಿಯಾದರೆ ಜನ ವೈರ್ ಕಿತ್ತು ಹಾಕುತ್ತಾರೆ. ಕಣ್ಣಾರೆ ನೋಡಿದ್ದೇನೆ.

ಲ್ಯಾಬ್_ಕಾವಲು:
ಈಗ ಟೆಸ್ಟ್ ರಿಜಿಸ್ಟರ್ ತೆಗೆದೆ. ಎರಡು ಸಾಲು ಪೆನ್ಸಿಲ್‌ನಲ್ಲಿವೆ: ‘ಗ್ಯಾಸ್ ಬಿಟ್ಟರೂ 20.9ರಿಂದ ಕದಲಲಿಲ್ಲ, ಹೊಸದು ಹಾಕಿದೆ.’ ಮೆಂಟೆನೆನ್ಸ್ ಅಂತ ಅವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಜಯನಗರ_4ನೇ_ಬ್ಲಾಕ್:
ಅವೇ ಫೇಲ್ಯೂರ್ ಸಾರ್! 2 ಫೇಲ್ ಅಂದರೆ 3ರ ಜಾಗದಲ್ಲಿ 6.3 ಹಾಕಬೇಕು. ತಿಂಗಳ ಟೆಸ್ಟ್ ಇದ್ದರೂ 0.015. ಈಗಿನಂತೆ ವರ್ಷಕ್ಕೊಮ್ಮೆ ಟೆಸ್ಟ್ ಆದರೆ ಅದಕ್ಕಿಂತ ಕೆಳಗಿನ ದರ್ಜೆ ಸಿಲ್-1 ಕೂಡ ಸಿಗುವುದಿಲ್ಲ. ಸೋರಿದರೆ 1 ಲೀಟರ್ ದ್ರವ ನೈಟ್ರೋಜನ್ ಸುಮಾರು 700 ಲೀಟರ್ ಗ್ಯಾಸ್ ಆಗುತ್ತದೆ. ವಾಸನೆ ಇಲ್ಲ, ಒಳಗಿದ್ದವರಿಗೆ ಗೊತ್ತೂ ಆಗುವುದಿಲ್ಲ. ಎರಡೂ ಒಂದೇ ಬ್ಯಾಚಾ? ಹಾಗಿದ್ದರೆ ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಜೋಡಿ ಸೆನ್ಸರ್ ಹಾಕಿದರೂ ಒಟ್ಟಿಗೇ ಕೆಡಬಹುದು.

ಲ್ಯಾಬ್_ಕಾವಲು:
ಒಂದೇ ಬ್ಯಾಚ್, ಒಂದೇ ದಿನ ಸಿಕ್ಕಿದ್ದು. ನಾಳೆ ಬೆಳಗ್ಗೆ ಆರೂ ಸೆನ್ಸರ್‌ಗೆ ಗ್ಯಾಸ್ ಬಿಟ್ಟು ನೋಡುತ್ತೇನೆ. ಅಲ್ಲಿಯವರೆಗೆ ಕೋಣೆಗೆ ಬೀಗ.

ವೈಬುಲ್_ಪ್ರೇಮಿ:
ಹಾಕಿದ ತಾರೀಖು, ಕೆಟ್ಟ ತಾರೀಖು ಕೊಡಿ. ವೈಬುಲ್ ನಾನೇ ಮಾಡಿಕೊಡುತ್ತೇನೆ.