ಹೊಸ ಎಎಂಟಿ ಗಾಡಿ: ರಸ್ತೆಗೆ ಇಳಿಸೋ ಮುಂಚೆ ಯಾವ್ಯಾವ ಸ್ವಿಚ್ ಕಲೀಬೇಕು?

ಇಂಡಿ ರೋಡ್, ವಿಜಯಪುರ

ನಮಸ್ಕಾರ್ರಿ. ಮನ್ಯಾಗ ಹೊಸಾ ಪೆಟ್ರೋಲ್ ಎಎಂಟಿ ಗಾಡಿ (ಕ್ಲಚ್ ಪೆಡಲ್ ಇಲ್ಲ, ಗೇರ್ ತಾನ ಬದಲಾಗ್ತದ) ಬಂದೈತಿ. ಇಲ್ಲೀತನಕ ಇದ್ದದ್ದು ಕೀಲಿ ತಿರುವಿ ಚಾಲೂ ಮಾಡೋ ಹಳೇ ಮ್ಯಾನುವಲ್. ಇದರಾಗ ಪುಶ್ ಬಟನ್, ಗಾಡಿ ನಿಂತಾಗ ಎಂಜಿನ್ ತಾನ ಬಂದ್ ಮಾಡೋ ಐಡಲ್ ಸ್ಟಾಪ್, ಟೈರ್ ಪ್ರೆಶರ್ ತೋರಿಸೋ ಟಿಪಿಎಂಎಸ್, ಗಾಡಿ ಹಿಡಿತ ತಪ್ಪಿ ಜಾರದಂಗ ನೋಡೋ ಇಎಸ್‌ಸಿ, ಏರಿನಾಗ ಹಿಂದ ಜಾರದಂಗ ತಡಿಯೋ ಹಿಲ್ ಹೋಲ್ಡ್, ಆಟೋ ಎಸಿ ಎಲ್ಲಾ ಅದಾವ. ಹೆಚ್ಚಾಗಿ ನಡೆಸೋರು ನಮ್ಮ ಅಪ್ಪಾಜಿ. ಜಮಖಂಡಿಗೆ ವಾರಕ್ಕೊಮ್ಮೆ ಓಡಾಟ, ಆಗಾಗ ಬೆಳಗಾವಿ ಮ್ಯಾಲೆ ಹಾಯ್ದು ಚೋರ್ಲಾ ಘಾಟ್ ಇಳಿದು ಗೋವಾ.

ಕೇಳೋದು ಇಷ್ಟು: ಮೊದಲು ಯಾವುದು ಕಲಿಸಬೇಕು? ಎಎಂಟಿಯೊಳಗ ಪಿ (ಪಾರ್ಕಿಂಗ್) ಗೇರೇ ಇಲ್ಲ, ಇಳಿಜಾರಿನಾಗ ಹೆಂಗ ನಿಲ್ಲಿಸೋದು? ಐಡಲ್ ಸ್ಟಾಪ್ ಒಮ್ಮೆ ಕೆಲಸ ಮಾಡ್ತದ, ಒಮ್ಮೆ ಇಲ್ಲ, ಫಾಲ್ಟ್ ಇರಬಹುದಾ? ಟೈರ್ ದೀಪ ಮುಂಜಾನೆ ಹತ್ತಿ ಮಧ್ಯಾಹ್ನ ತಾನಾಗೇ ಆರ್ತದ, ಯಾಕ?

ಟಿಳಕವಾಡಿ ವರ್ಕ್‌ಶಾಪ್, ಬೆಳಗಾವಿ

ಸ್ಕ್ರೀನು, ಹಾಡು, ಮೊಬೈಲ್ ಜೋಡಿಸೋದು ಎಲ್ಲಾ ಆಮ್ಯಾಲ ಆಗ್ತೈತಿ. ಗಾಡಿ ಓಡೂವಾಗ ಕಣ್ಣು ರಸ್ತೆ ಬಿಡದ ಕೈಗೆ ಸಿಗಬೇಕಾದ್ದು ಮೊದಲ: ವೈಪರ್, ಡಿಪ್ಪರ್, ನಾಲ್ಕೂ ಇಂಡಿಕೇಟರ್ ಮಿಣುಕಿಸೋ ಹಜಾರ್ಡ್, ಮುಂದಿನ ಗ್ಲಾಸಿನ ಮಂಜು ತೆಗಿಯೋ ಡಿಫ್ರಾಸ್ಟ್, ನ್ಯೂಟ್ರಲ್, ಹ್ಯಾಂಡ್ ಬ್ರೇಕ್. ಅಪ್ಪಾರನ್ನ ಸೀಟಿನಾಗ ಕೂಡಸ್ರಿ, ಸೀಟು, ಸ್ಟೇರಿಂಗ್, ಮೂರೂ ಕನ್ನಡಿ ಅವರ ಅಳತಿಗೆ ಹೊಂದಿಸ್ರಿ. ಗಾಡಿ ನಿಂತಲ್ಲೇ ನೀವು ಒಂದೊಂದ ಹೆಸರು ಹೇಳ್ರಿ, ಅವರು ನೋಡದ ಕೈ ಇಡಬೇಕು. ತಡವರಿಸದ ಕೈ ಹೋಗೂತನಕ ಹೆದ್ದಾರಿಗೆ ಒಯ್ಯಬ್ಯಾಡ್ರಿ.

ಪುಶ್ ಬಟನ್: ಬ್ರೇಕ್ ಒತ್ತದ ಬಟನ್ ಒಮ್ಮೆ ಒತ್ತಿದ್ರ ಎಸಿಸಿ (ಬರೇ ರೇಡಿಯೋದಂಥವು ಚಾಲೂ), ಇನ್ನೊಮ್ಮೆ ಒತ್ತಿದ್ರ ಆನ್. ಎಂಜಿನ್ ಚಾಲೂ ಆಗಬೇಕಂದ್ರ ಬ್ರೇಕ್ ಗಟ್ಟಿ ಒತ್ತಿರಬೇಕು, ಹೆಚ್ಚಿನ ಎಎಂಟಿಯೊಳಗ ಗೇರ್ ಎನ್‌ನಾಗ (ನ್ಯೂಟ್ರಲ್) ಇರಬೇಕು. "ಗಾಡಿ ಚಾಲೂ ಆಗವಲ್ದು" ಅಂತ ಬರೋ ಫೋನಿನಾಗ ಬಹಳಷ್ಟಕ್ಕ ಈ ಎರಡೇ ಕಾರಣ.

ಬರೀ ಆನ್ ಮಾಡಿ ಮೀಟರ್ ನೋಡ್ರಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್, ಆಯಿಲ್, ಬ್ಯಾಟರಿ, ಎಲ್ಲಾ ದೀಪ ಹತ್ತಬೇಕು. ಏರ್‌ಬ್ಯಾಗ್, ಎಬಿಎಸ್ ಕೆಲವು ಸೆಕೆಂಡಿನಾಗ ತಾವ ಆರ್ತಾವ, ಆಯಿಲ್ ಬ್ಯಾಟರಿ ಎಂಜಿನ್ ಚಾಲೂ ಆದಮ್ಯಾಲ ಆರ್ತಾವ. ಹತ್ತೇ ಇಲ್ಲಂದ್ರೂ ತಪ್ಪು, ಆರದೇ ಉಳಿದ್ರೂ ತಪ್ಪು. ಏರ್‌ಬ್ಯಾಗ್ ದೀಪ ಆರಲಿಲ್ಲಂದ್ರ ಅಪಘಾತದಾಗ ಬ್ಯಾಗ್ ತೆರೀದೇ ಇರಬಹುದು, ಡೆಲಿವರಿ ಆದ ವಾರದಾಗೇ ತೋರಿಸ್ರಿ. ಓಡೂವಾಗ ಕೆಂಪು ಬಂದ್ರ ಬದಿಗೆ ನಿಲ್ಲಿಸೋದು, ಹಳದಿ ಬಂದ್ರ ಜೋರು ಮಾಡದ ಹೋಗಿ ತೋರಿಸೋದು. ಆಯಿಲ್ ಡಬ್ಬಿಯ ಕೆಂಪು ದೀಪಕ್ಕ ಮಾತ್ರ "ಇನ್ನ ಎರಡ ಕಿಲೋಮೀಟರ್ ಐತಿ, ಊರು ಬಂತು" ಅನ್ನಬಾರದು. ಆಯಿಲ್ ಒತ್ತಡ ಇಲ್ಲದ ಎಂಜಿನ್ ಅಷ್ಟರಾಗೇ ಬೇರಿಂಗ್ ತಿಂದು ಹಾಕ್ತೈತಿ. ಭಾಳ ಗಾಡಿಯೊಳಗ ಈಗ ಟೆಂಪರೇಚರ್ ಮುಳ್ಳು ಇರಂಗಿಲ್ಲ. ತಣ್ಣಗಿದ್ದಾಗ ನೀಲಿ ದೀಪ, ಕಾದು ಹೋದ್ರ ಕೆಂಪು. ನೀಲಿ ಇರೂತನಕ ಎಕ್ಸಲೇಟರ್ ಜೋರಾಗಿ ತುಳೀಬ್ಯಾಡ್ರಿ, ಅಷ್ಟೇ.

ಈಗ ಎಎಂಟಿ. ಒಳಗ ಇರೋದು ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಪ್ಲೇಟೂ ಅದೇ. ಕಾಲಿನ ಬದಲಿ ಆಕ್ಚುಯೇಟರ್ ಅನ್ನೋ ಯಂತ್ರ ಒತ್ತತೈತಿ. ಇದೊಂದು ತಿಳ್ಕೊಂಡ್ರ ಉಳಿದದ್ದು ತಾನ ತಿಳೀತೈತಿ.

ನಿಲ್ಲಿಸೋದು: ಗಾಡಿ ಪೂರಾ ನಿಂತಮ್ಯಾಲ ಬ್ರೇಕ್ ಒತ್ತೇ ಹ್ಯಾಂಡ್ ಬ್ರೇಕ್ ಎಳೀರಿ. ಮೂತಿ ಏರಿನ ಕಡೆ ಇದ್ರ ಡಿ (ಮುಂದ ಹೋಗೋದು), ಇಳಿಜಾರಿನ ಕಡೆ ಇದ್ರ ಆರ್ (ರಿವರ್ಸ್) ಹಾಕ್ರಿ. ಮೀಟರಿನಾಗ ಗೇರಿನ ಅಕ್ಷರ ಸ್ಥಿರ ಆಗಬೇಕು. ಮಿಣುಕುತ್ತಿದ್ರ ಗೇರ್ ಬಿದ್ದಿಲ್ಲ ಅಂತ ಅರ್ಥ, ಎನ್‌ಗೆ ತಂದು ಮತ್ತ ಹಾಕ್ರಿ. ಆಮ್ಯಾಲ ಎಂಜಿನ್ ಬಂದ್ ಮಾಡಿ, ಕಡೀಕ ಬ್ರೇಕ್ ಬಿಡೋದು. ಎನ್‌ನಾಗ ಬಿಟ್ಟು ಇಳಿದ್ರ ಗಾಡಿ ಬರೇ ಹ್ಯಾಂಡ್ ಬ್ರೇಕ್ ಕೇಬಲಿನ ಮ್ಯಾಲೆ ನಿಂತಿರ್ತೈತಿ.

ಏರಿನಾಗ ಹಿಲ್ ಹೋಲ್ಡ್ ಹಿಡಿಯೋದು ಸುಮಾರು 2 ಸೆಕೆಂಡ್ ಮಾತ್ರ. ಬ್ರೇಕಿನಿಂದ ಕಾಲ ಎತ್ತಿ ಮಾತಾಡ್ಕೊಂತ ಕೂತ್ರ ಗಾಡಿ ಹಿಂದ ಜಾರ್ತೈತಿ. ಟ್ರಾಫಿಕ್ಕಿನಾಗ ಎಕ್ಸಲೇಟರ್ ಮ್ಯಾಲೆ ಗಾಡಿ ಹಿಡ್ಕೊಂಡು ನಿಲ್ಲೋದಂತೂ ಬ್ಯಾಡೇ ಬ್ಯಾಡ, ಕ್ಲಚ್ ಅರ್ಧ ಹಿಡಿದು ಉಜ್ಜತೈತಿ. ಸುಟ್ಟ ವಾಸನಿ ಬಂತಂದ್ರ ಬದಿಗೆ ಹಾಕಿ ಎನ್‌ನಾಗ ಆರಕ್ಕ ಬಿಡ್ರಿ.

ಚೋರ್ಲಾ ಇಳಿಯೂವಾಗ ಡಿ ಒಳಗ ಹೋಗಬ್ಯಾಡ್ರಿ. ಇಳಕಲಿನಾಗ ಎಕ್ಸಲೇಟರ್ ಬಿಟ್ಟಿರ್ತೀರಿ, ಗಾಡಿ ಮ್ಯಾಲಿನ ಗೇರ್ ಹಾಕ್ಕೊಂತ ಹೋಗ್ತೈತಿ, ಎಂಜಿನ್ ಹಿಡಿತ ಹೋಗಿ ಭಾರ ಎಲ್ಲಾ ಬ್ರೇಕಿಗೆ ಬೀಳ್ತೈತಿ. ಜಾಂಬೋಟಿ, ಕಣಕುಂಬಿ ದಾಟಿ ಇಳಿಜಾರು ಚಾಲೂ ಆಗೋ ಮುಂಚೇನೇ ಎಂ ಮೋಡಿಗೆ (ಗೇರ್ ನಾವೇ ಬದಲಿಸೋದು) ತಂದು 3ನೇ ಗೇರ್, ತಿರುವಿನಾಗ 2. ಬ್ರೇಕನ್ನ ಒತ್ತಿ ಬಿಡ್ರಿ, ಒತ್ತಿ ಬಿಡ್ರಿ, ಒಂದೇ ಸಮ ಕಾಲ ಇಟ್ಟುಕೊಂಡು ಹೋಗಬಾರದು. ವೇಗ ಜಾಸ್ತಿ ಇದ್ದಾಗ ಕೆಳಗಿನ ಗೇರ್ ಕೇಳಿದ್ರ ಗಾಡಿ ಕೊಡಂಗಿಲ್ಲ, ಬೀಪ್ ಅಂತೈತಿ. ಬ್ರೇಕ್ ಹಾಕಿ ವೇಗ ಇಳಿಸಿ ಮತ್ತ ಕೇಳ್ರಿ.

ಕಡೀದು, ಎಲ್ಲಾರಿಗೂ ಹೇಳೋದು: ಎಕ್ಸಲೇಟರ್ ಸಿಕ್ಕೊಂಡ್ರ ಮೊದಲ ಎನ್, ಗಟ್ಟಿ ಬ್ರೇಕ್. ಎಂಜಿನ್ ಬಂದ್ ಮಾಡೂ ಪ್ರಸಂಗ ಬಂದ್ರ ಬಟನ್ ಸುಮ್ಮ ಒಮ್ಮೆ ಒತ್ತಿದ್ರ ಆಗಂಗಿಲ್ಲ. ಸುಮಾರು 3 ಸೆಕೆಂಡ್ ಒತ್ತಿ ಹಿಡೀಬೇಕು, ಕೆಲವು ಗಾಡಿಯೊಳಗ ಪಟಪಟ ಮೂರು ಸಲ. ನಿಮ್ಮ ಗಾಡೀದು ಯಾವುದಂತ ಕೈಪಿಡಿ ತೆಗೆದು ಓದಿ ಇಡ್ರಿ. ಎಂಜಿನ್ ನಿಂತಮ್ಯಾಲ ಸ್ಟೇರಿಂಗ್ ಬಿಗಿ ಆಗ್ತೈತಿ, ಬ್ರೇಕ್ ಬೂಸ್ಟರಿನಾಗ ಒಂದೆರಡು ಸಲಕ್ಕ ಆಗೋವಷ್ಟೇ ದಮ್ಮು ಇರ್ತೈತಿ. ಪಂಪ್ ಮಾಡದ ಒಮ್ಮೆಲೇ ಒತ್ತಿ ಹಿಡೀರಿ. ಎಕ್ಸಲೇಟರ್ ಸಿಕ್ಕೊಳ್ಳೋದಕ್ಕ ಕಾಮನ್ ಕಾರಣ ಕಂಪನಿ ಮ್ಯಾಟಿನ ಮ್ಯಾಲೆ ಇನ್ನೊಂದು ದಪ್ಪ ಮ್ಯಾಟ್ ಹಾಕೋದು. ಡ್ರೈವರ್ ಕಡೆ ಒಂದೇ ಮ್ಯಾಟ್, ಅದೂ ಕೆಳಗಿನ ಕೊಂಡಿಗೆ ಸಿಗಿಸಿರಬೇಕು.

ನವನಗರ, ಬಾಗಲಕೋಟೆ

ಮೇಲಿನವರು ಗೇರಿನ ವಿಷಯ ಪೂರ್ತಿ ಹೇಳಿದ್ದಾರೆ. ನಾನು ಬಿಸಿಲಿಗೆ ಸಂಬಂಧಪಟ್ಟದ್ದು ಹೇಳುತ್ತೇನೆ, ನಿಮ್ಮ ಉಳಿದೆರಡು ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ.

ಟೈರ್ ದೀಪ: ಹವೆಯ ಉಷ್ಣತೆ ಐದಾರು ಡಿಗ್ರಿ ಇಳಿದರೆ ಟೈರಿನ ಗಾಳಿ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ನಮ್ಮ ಕಡೆ ನಸುಕಿಗೂ ಮಧ್ಯಾಹ್ನಕ್ಕೂ 15 ಡಿಗ್ರಿ ವ್ಯತ್ಯಾಸ ಮಾಮೂಲಿ, ಅಂದರೆ ಎರಡೂವರೆ ಮೂರು ಪಿಎಸ್‌ಐ. ಓಡಿದ ಮೇಲೆ ಟೈರ್ ಕಾದು ಇನ್ನೂ ನಾಲ್ಕೈದು ಏರುತ್ತದೆ. ಗಾಳಿ ಕಡಿಮೆಯೇ ಇರುವ ಟೈರು ನಸುಕಿನಲ್ಲಿ ಮಿತಿಗಿಂತ ಕೆಳಗೆ ಹೋಗಿ ದೀಪ ಹತ್ತಿಸುತ್ತದೆ, ಕಾದಾಗ ಮೇಲೆ ಬಂದು ಆರಿಸುತ್ತದೆ. ಹಾಗಾಗಿ ಆರಿತು ಅಂತ ಬಿಡಬೇಡಿ, ಗಾಳಿ ಕಡಿಮೆ ಇರುವುದು ನಿಜ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇದೆ, ಮುಂದಿನ ಹಿಂದಿನ ಟೈರಿಗೆ ಎಷ್ಟು, ಫುಲ್ ಲೋಡಿಗೆ ಎಷ್ಟು ಅಂತ ಬರೆದಿರುತ್ತಾರೆ. ಆ ಅಂಕಿ ತಣ್ಣಗಿನ ಟೈರಿನದು. ಬೆಳಿಗ್ಗೆ ಹತ್ತಿರದ ಬಂಕಿನಲ್ಲೇ ತುಂಬಿಸಿ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿ ಬಂದು ಚೆಕ್ ಮಾಡಿಸಿ, ಜಾಸ್ತಿ ಇದೆ ಎಂದು ಗಾಳಿ ಬಿಡಿಸುವುದು ದೊಡ್ಡ ತಪ್ಪು.

ನಿಮ್ಮ ಗಾಡಿ ಪ್ರತಿ ಟೈರಿಗೂ ಅಂಕಿ ತೋರಿಸುತ್ತದೋ, ಬರೀ ದೀಪವೋ ನೋಡಿ. ಬರೀ ದೀಪ ಇದ್ದರೆ ಹೆಚ್ಚಾಗಿ ಎಬಿಎಸ್ ಸೆನ್ಸರಿನಿಂದ ಚಕ್ರದ ಸುತ್ತು ಎಣಿಸಿ ಅಂದಾಜು ಮಾಡುವ ತರಹದ್ದು. ಗಾಳಿ ತುಂಬಿಸಿದ ಮೇಲೆ ಪ್ರತಿ ಸಲ ಬಟನ್ನಿನಿಂದ ಅಥವಾ ಮೆನುವಿನಿಂದ ರೀಸೆಟ್ ಕೊಡಬೇಕು. ನಾಲ್ಕೂ ಟೈರು ಒಂದೇ ಸಮ ಇಳಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅಂಕಿ ತೋರಿಸುವುದಾದರೆ ಟೈರಿನೊಳಗೆ ಸೆನ್ಸರ್ ಇದೆ, ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚುವಾಗ ಮೊದಲೇ ಹೇಳಿ. ಇದರಲ್ಲಿ ಚಾಲೂ ಮಾಡಿದಾಗ ದೀಪ ಒಂದು ನಿಮಿಷ ಮಿಣುಕಿ ಆಮೇಲೆ ನಿಂತರೆ ಗಾಳಿಯ ತೊಂದರೆ ಅಲ್ಲ, ಸೆನ್ಸರಿನದು.

ಐಡಲ್ ಸ್ಟಾಪ್ ಫಾಲ್ಟ್ ಅಲ್ಲ. ಎಂಜಿನ್ ಕಾದಿರಬೇಕು, ಬ್ಯಾಟರಿಯಲ್ಲಿ ಸಾಕಷ್ಟು ಚಾರ್ಜ್ ಇರಬೇಕು, ಬೆಲ್ಟ್ ಹಾಕಿರಬೇಕು, ಬಾಗಿಲು ಮುಚ್ಚಿರಬೇಕು, ಒಳಗೆ ತಂಪಾಗಿರಬೇಕು. ಎಸಿ ಫುಲ್ ಓಡುವಾಗ ಎಂಜಿನ್ ನಿಂತರೆ ಕಂಪ್ರೆಸರ್ ನಿಲ್ಲುತ್ತದೆ, ಅದಕ್ಕೇ ಏಪ್ರಿಲ್ ಮಧ್ಯಾಹ್ನ ಗಾಡಿ ಒಪ್ಪುವುದೇ ಇಲ್ಲ. ರಿವರ್ಸ್ ತಗೊಂಡು ಮುಂದೆ ಹಿಂದೆ ಮಾಡುವಾಗ, ನಿಂತ ನೀರು ದಾಟುವಾಗ ಅದನ್ನು ಆಫ್ ಮಾಡಿ. ಗಾಡಿ ಮತ್ತೆ ಚಾಲೂ ಮಾಡಿದಾಗ ತಾನೇ ಆನ್ ಆಗಿರುತ್ತದೆ, ನೆನಪಿರಲಿ. ಮುಂದೆ ಬ್ಯಾಟರಿ ಬದಲಿಸುವಾಗ ಕಂಪನಿ ಹಾಕಿದ್ದ ತರಹದ್ದೇ ಹಾಕಿಸಿ, ಸಾದಾ ಬ್ಯಾಟರಿ ಇಷ್ಟೊಂದು ಸಲ ಸ್ಟಾರ್ಟ್ ಆಗುವುದನ್ನು ಬಹಳ ದಿನ ತಾಳುವುದಿಲ್ಲ.

ಎಸಿ: ಬಿಸಿಲಲ್ಲಿ ನಿಂತ ಗಾಡಿ ಹತ್ತಿದ ಕೂಡಲೇ ಎಲ್ಲಾ ಕಿಟಕಿ ಇಳಿಸಿ, ಫ್ಯಾನ್ ಜೋರು ಇಟ್ಟು ಒಂದು ನಿಮಿಷ ಓಡಿಸಿ, ಕಾದ ಗಾಳಿ ಹೊರಗೆ ಹೋಗಲಿ. ಆಮೇಲೆ ಗ್ಲಾಸ್ ಏರಿಸಿ ಒಳಗಿನ ಗಾಳಿಯೇ ತಿರುಗುವ ಬಟನ್, ಗಾಡಿಯ ಚಿತ್ರದೊಳಗೆ ಸುತ್ತುವ ಬಾಣ ಇರುತ್ತದಲ್ಲ, ಅದನ್ನು ಒತ್ತಿ. 24ಕ್ಕೆ ಇಟ್ಟು ಆಟೋ ಒತ್ತಿದರೆ ಸಾಕು. ಧೂಳಿನ ರಸ್ತೆಯಲ್ಲೂ ಅದೇ ಬಟನ್. ಆದರೆ ಮಳೆಯಲ್ಲಿ ಅದೇ ಬಟನ್ ಶತ್ರು: ಉಸಿರಿನ ತೇವ ಹೊರಗೆ ಹೋಗದೆ ಗ್ಲಾಸ್ ಮಂಜಾಗುತ್ತದೆ. ಆಗ ಹೊರಗಿನ ಗಾಳಿ, ಎಸಿ ಆನ್, ಮುಂದಿನ ಡಿಫ್ರಾಸ್ಟ್. ವೈಪರ್ ಹಾಕಿದಾಗ ಮಂಜು ಹೋದರೆ ಅದು ಗ್ಲಾಸಿನ ಹೊರಗಡೆಯದು, ಘಾಟಿನಲ್ಲಿ ಹೀಗಾಗುತ್ತದೆ. ಎಸಿ ಉಷ್ಣತೆ ಏರಿಸಿ, ಗ್ಲಾಸಿಗೆ ಬೀಸುವ ಗಾಳಿ ತಪ್ಪಿಸಿ.

ವೈಪರ್ ನೀರಿನ ಡಬ್ಬಿಗೆ ಬೋರ್ ನೀರು ಹಾಕಬೇಡಿ. ನಮ್ಮ ಕಡೆಯ ಗಡಸು ನೀರು ನಾಜಲ್ ಬಾಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಆರ್‌ಓ ನೀರು ಹಾಕಿ.

ಅಥಣಿ ಕ್ರಾಸ್

ಬ್ಯಾಸಗ್ಯಾಗ ಸ್ಟಿಕ್ಕರಿಗಿಂತ ಮೂರ್ನಾಲ್ಕು ಪಾಯಿಂಟ್ ಕಡಿಮಿ ಇಡಬೇಕಲ್ರಿ? ಇಲ್ಲಂದ್ರ ಕಾದು ಟೈರ್ ಒಡೀತೈತಿ ಅಂತಾರ.

ನವನಗರ, ಬಾಗಲಕೋಟೆ

ಇಲ್ಲ ರೀ, ಉಲ್ಟಾ ಆಗುತ್ತದೆ. ಗಾಳಿ ಕಡಿಮೆ ಇದ್ದರೆ ಟೈರಿನ ಬದಿಯ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಆ ಮಡಚಾಟದಿಂದಲೇ ಬಿಸಿ ಹುಟ್ಟುತ್ತದೆ. ಸೋಲಾಪುರ ರಸ್ತೆಯಲ್ಲಿ ಐದು ಜನ, ಲಗೇಜು, 100ರ ವೇಗ, ಮೇಲೆ ಮೇ ತಿಂಗಳ ಬಿಸಿಲು ಇದ್ದಾಗ ಒಡೆಯುವುದು ಕಡಿಮೆ ಗಾಳಿಯ ಟೈರೇ. ಓಡುವಾಗ ನಾಲ್ಕೈದು ಏರುವುದನ್ನು ಕಂಪನಿಯವರು ಲೆಕ್ಕ ಹಿಡಿದೇ ಸ್ಟಿಕ್ಕರ್ ಅಂಟಿಸಿರುತ್ತಾರೆ. ಸ್ಟೆಪ್ನಿಯನ್ನೂ ಅದೇ ಹೊತ್ತಿಗೆ ನೋಡಿ. ಅದು ತೆಳ್ಳಗಿನ ಸಣ್ಣ ಟೈರ್ ಆಗಿದ್ದರೆ ಅದರ ಮೇಲೆ 80 ದಾಟುವಂತಿಲ್ಲ.

ಇಂಡಿ ರೋಡ್, ವಿಜಯಪುರ

ಬಾಳ ಉಪಕಾರ ಆತ್ರಿ ಇಬ್ಬರಿಗೂ. ಇನ್ನ ಮೂರು: 80 ದಾಟಿದ್ರ ಬೀಪ್ ಹೊಡೀತದ, ಬಂದ್ ಮಾಡೋದು ಹೆಂಗ? ಇಎಸ್‌ಸಿ ಆಫ್ ಬಟನ್ ಯಾತಕ್ಕ? ಹೆಡ್‌ಲೈಟ್ ಹತ್ರ 0 ದಿಂದ 3ರ ತನಕ ಒಂದು ಚಕ್ರ ಅದ, ಅದೇನು?

ಮುಧೋಳ ನೈಟ್ ಡ್ರೈವ್

ಬೀಪ್ ಬಂದ್ ಆಗಂಗಿಲ್ಲ. 2019ರ ಜುಲೈ 1ರಿಂದ ಹೊಸ ಕಾರಿಗೆಲ್ಲಾ ಕಾನೂನಿನ ಪ್ರಕಾರ ಹಾಕಲೇಬೇಕು. 80 ದಾಟಿದ್ರ ನಿಮಿಷಕ್ಕೊಮ್ಮೆ, 120 ದಾಟಿದ್ರ ಬಿಡದ ಹೊಡೀತೈತಿ. ವೈರ್ ಕೀಳಿಸೋರು ಅದಾರ, ಮಾಡಿಸಬ್ಯಾಡ್ರಿ, ವಾರಂಟಿ ಕಳ್ಕೋತೀರಿ.

0 ದಿಂದ 3 ಅನ್ನೋದು ಹೆಡ್‌ಲೈಟಿನ ಎತ್ತರ. ಮುಂದ ಇಬ್ಬರೇ ಇದ್ರ 0. ಹಿಂದ ಜನ ತುಂಬಿ, ಡಿಕ್ಕಿಯೊಳಗ ಸಾಮಾನು ಹೇರಿದಾಗ ಗಾಡಿಯ ಹಿಂಭಾಗ ಕುಂತು ಮೂತಿ ಮ್ಯಾಲ ಎದ್ದಿರ್ತೈತಿ, ಡಿಪ್ ಇದ್ರೂ ಎದುರಿನವರ ಕಣ್ಣಿಗೆ ಹೊಡೀತೈತಿ. ಆಗ 2ಕ್ಕೋ 3ಕ್ಕೋ ತಿರುವಿದ್ರ ಬೆಳಕು ಕೆಳಗ ಬರ್ತೈತಿ. ಜನ, ಸಾಮಾನು ಇಳಿಸಿದ ಮ್ಯಾಲೆ 0ಗೆ ತರೋದು ಮರೀಬ್ಯಾಡ್ರಿ. ಕಬ್ಬಿನ ಹಂಗಾಮಿನಾಗ ಜಮಖಂಡಿ ಮುಧೋಳ ರಸ್ತೆಯೊಳಗ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ರಾತ್ರಿ ಹೋಗ್ತಿರ್ತಾವ, ಹಿಂದ ದೀಪ ಇಲ್ಲ, ರಿಫ್ಲೆಕ್ಟರ್ ಇದ್ರೂ ಕಬ್ಬಿನ ತುದಿ ಇಳಿಬಿದ್ದು ಮುಚ್ಚಿರ್ತೈತಿ. ಬೆಳಕು ಅನವಶ್ಯ ಕೆಳಗ ಇಟ್ಟುಕೊಂಡು ಹೋದ್ರ ಅದು ಕಾಣೋದು ತೀರಾ ಹತ್ರ ಹೋದಮ್ಯಾಲೆ. ಗ್ಲಾಸ್ ಒಳಗಿಂದ ಒರಸಿರಿ, ಎದುರಿಗೆ ಗಾಡಿ ಇಲ್ಲದಾಗ ಹೈ ಬೀಮ್ ಹಾಕ್ರಿ, ಡಿಪ್ ಮಾಡಿದಾಗ 60ರ ಒಳಗ ಇರ್ರಿ.

ಇಎಸ್‌ಸಿ ಡಾಂಬರ್ ರಸ್ತೆ ಮ್ಯಾಲೆ ಯಾವತ್ತೂ ಆನ್ ಇರಬೇಕು. ಆಫ್ ಬಟನ್ ಬೇಕಾಗೋದು ಎರೆಮಣ್ಣಿನ ಕೆಸರಿನಾಗ. ಹೊಲದ ದಾರಿಯೊಳಗ ಚಕ್ರ ಹೂತು ಗಿರಗಿರ ತಿರುಗಿದ ಕೂಡಲೇ ಕಂಪ್ಯೂಟರ್ ಎಂಜಿನ್ ಜೋರು ಕಡಿಮಿ ಮಾಡ್ತೈತಿ, ಎಕ್ಸಲೇಟರ್ ಎಷ್ಟ ತುಳಿದ್ರೂ ಗಾಡಿ ಏಳಂಗಿಲ್ಲ. ಬಟನ್ ಒತ್ತಿ ಹಿಡೀರಿ, ಮೀಟರಿನಾಗ ಆಫ್ ದೀಪ ಬರಲಿ. ಎಂ ಮೋಡ್, ಎರಡನೇ ಗೇರ್ ಕೊಟ್ರ ಅದರಾಗ, ಇಲ್ಲಂದ್ರ ಒಂದರಾಗ, ಹಗೂರ ಎಕ್ಸಲೇಟರ್, ಚಕ್ರ ಸೀದಾ. ಮುಂದಿನ ಚಕ್ರದ ಕೆಳಗ ಕಲ್ಲು, ಕಡ್ಡಿ, ಗೋಣಿಚೀಲ ಕೊಡ್ರಿ. ಎಎಂಟಿ ಇರೋದ್ರಿಂದ ಡಿ–ಆರ್ ಪದೇಪದೇ ಬದಲಿಸಿ ಜೀಕಬ್ಯಾಡ್ರಿ, ಕ್ಲಚ್ ಕಾದು ವಾರ್ನಿಂಗ್ ಬರ್ತೈತಿ. ಎರಡ ಮೂರ ಸಲದಾಗ ಏಳಲಿಲ್ಲಂದ್ರ ಟ್ರ್ಯಾಕ್ಟರ್ ಕರಸ್ರಿ. ಎಳಿಯೋ ಕೊಂಡಿ ಡಿಕ್ಕಿಯೊಳಗ ಜಾಕಿನ ಜೋಡಿ ಇರ್ತೈತಿ. ಬಂಪರಿನ ಸಣ್ಣ ಚೌಕ ಮುಚ್ಚಳ ತೆಗೆದು ಒಳಗ ತಿರುವಿ ಪೂರಾ ಬಿಗೀರಿ, ಅರ್ಧ ತಿರುವಿದ್ರ ಎಳಿಯೂವಾಗ ಕಿತ್ತು ಬರ್ತೈತಿ. ರಸ್ತೆಗೆ ಬಂದ ಕೂಡಲೇ ಇಎಸ್‌ಸಿ ಆನ್.

ಇನ್ನೊಂದು, ಸುಗ್ಗಿಯಾಗ ರಾಶಿ ಮಾಡಕ ರಸ್ತೆ ಮ್ಯಾಲೆ ಹುರುಳಿ, ಸಜ್ಜಿ ಹಾಸಿರ್ತಾರ. ಆದಷ್ಟು ಬದಿಗೆ ಹಾಯ್ದು ಹೋಗ್ರಿ. ದಾಟಲೇಬೇಕಾದ್ರ ಹಗೂರ ದಾಟಿ, ಸ್ವಲ್ಪ ಮುಂದ ಹೋಗಿ ನಿಲ್ಲಿಸಿ ಕೆಳಗ ಬಗ್ಗಿ ನೋಡ್ರಿ. ಒಣ ಹೊಟ್ಟು ಎಕ್ಸಲಿಗೆ ಸುತ್ತಿ ಕಾದ ಸೈಲೆನ್ಸರಿಗೆ ತಾಗಿದ್ರ ಬೆಂಕಿ ಹತ್ತತೈತಿ. ಕೈ ಹಾಕಿ ಜಗ್ಗಬ್ಯಾಡ್ರಿ, ಎಂಜಿನ್ ಬಂದ್ ಮಾಡಿ ಕಟ್ಟಿಗಿಯಿಂದ ಬಿಡಿಸ್ರಿ.

ಟಿಳಕವಾಡಿ ವರ್ಕ್‌ಶಾಪ್, ಬೆಳಗಾವಿ

ಬಿಟ್ಟು ಹೋಗಿದ್ದು: ಕೀಲಿಯ ಸೆಲ್ ಸತ್ರ ಏನು ಅಂತ. ಫೋಬಿನ (ರಿಮೋಟ್ ಕೀಲಿಯ) ಬದಿಯ ಸಣ್ಣ ಲಾಕ್ ಒತ್ತಿ ಒಳಗಿನ ಲೋಹದ ಕೀಲಿ ಎಳೀರಿ, ಡ್ರೈವರ್ ಬಾಗಿಲು ತೆಗೀರಿ. ಒಳಗ ಕೂತು ಬ್ರೇಕ್ ಒತ್ತಿ, ಫೋಬನ್ನ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಬಟನ್ ಒತ್ರಿ, ಹೆಚ್ಚಿನ ಗಾಡಿ ಚಾಲೂ ಆಗ್ತಾವ. ಕೆಲವದರಾಗ ಫೋಬ್ ಇಡಾಕ ಬ್ಯಾರೆ ಜಾಗಾ ಇರ್ತೈತಿ. ಸೆಲ್ ಸಾಮಾನ್ಯವಾಗಿ ಸಿಆರ್2032, ಹಳೇದರ ಮ್ಯಾಲೆ ಬರದದ್ದು ನೋಡೇ ತಗೊಳ್ರಿ. ಈ ಕೆಲಸ ಅಪ್ಪಾರ ಕೈಲೇ ಒಮ್ಮೆ ಮನೀ ಮುಂದ ಮಾಡಸ್ರಿ.